ಎಕ್ಸೆಲ್ ನಮೂದು ಫಾರ್ಮುಗಳಲ್ಲಿ ಕೀಲಿಮಣೆಯ ಫೋಕಸ್ ದೋಷ: ಕಾರಣ ಮತ್ತು ಪರಿಹಾರ

ಗ್ರಾಮ ಪಂಚಾಯಿತಿಯ ಲೆಕ್ಕಪತ್ರಗಳು ಪಂಚತಂತ್ರ ತಂತ್ರಾಂಶದಲ್ಲಿ ನಿರ್ವಹಣೆಯಾಗುತ್ತಿದ್ದರೂ, ಮನೆ ಕಂದಾಯ ಹಾಗೂ ನೀರಿನ ಕರದ ಬೇಡಿಕೆ, ವಸೂಲಿ, ಬಾಕಿಯ ಕೆಲಸದ ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿಯೂ ಇಟ್ಟುಕೊಳ್ಳುವುದುಂಟು. ನಮೂದು ಸುಲಭವಾಗಲೆಂದು ಹಾಳೆಯ ಮೇಲೆ ತೆರೆದುಕೊಳ್ಳುವ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಮ್ಯಾಕ್ರೋ ಮೂಲಕ ಸಿದ್ಧಪಡಿಸಲಾಗುತ್ತದೆ. ಇದಕ್ಕೆ ಯೂಸರ್ ಫಾರ್ಮ್ ಎಂದು ಹೆಸರು.

ಫೋಕಸ್ ಎಂದರೇನು?

ಒತ್ತಿದ ಕೀಲಿಯ ಅಕ್ಷರ ಪರದೆಯ ಯಾವ ಸ್ಥಳಕ್ಕೆ ಸೇರಬೇಕೆಂಬುದನ್ನು ನಿರ್ಧರಿಸುವುದೇ ಫೋಕಸ್. ಒಂದು ಸಮಯಕ್ಕೆ ಅದು ಒಂದೇ ಕಡೆ ಇರುತ್ತದೆ. ಕಣ್ಣಿಗೆ ಫಾರ್ಮ್ ಕಾಣುತ್ತಿದ್ದರೂ ಫೋಕಸ್ ಅದರ ಹಿಂದಿನ ಹಾಳೆಯಲ್ಲಿರಬಹುದು.

ಉದಾಹರಣೆಗೆ, ಮನೆ ಸಂಖ್ಯೆ 118ರ ಬೇಡಿಕೆ 640 ರೂಪಾಯಿ ಇದ್ದು, ಹಾಳೆಯಲ್ಲಿ ಅದೇ ಸೆಲ್ ಆಯ್ಕೆಯಾಗಿದೆ ಎಂದು ಭಾವಿಸಬಹುದು. ಡಾಟಾ ಎಂಟ್ರಿ ಆಪರೇಟರ್ ಮತ್ತೊಂದು ಮನೆಯ ರಸೀದಿಯ 1,250 ರೂಪಾಯಿಯನ್ನು ಫಾರ್ಮಿನಲ್ಲಿ ತುಂಬುತ್ತಿರುವೆನೆಂದು ತಿಳಿದು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಮೊತ್ತವು 640ರ ಸ್ಥಳದಲ್ಲಿ ಕೂರುತ್ತದೆ. ಹಣ ಕಟ್ಟಿದವರ ಹೆಸರಿನಲ್ಲಿ ಬಾಕಿ ಉಳಿಯುತ್ತದೆ. 118ರ ಮನೆಯವರ ಬೇಡಿಕೆ ಕಾರಣವಿಲ್ಲದೆ ಏರುತ್ತದೆ. ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಮುಂದಿನ ರಸೀದಿಯನ್ನು ಫಾರ್ಮಿನಿಂದ ಉಳಿಸಿದೊಡನೆ ಮ್ಯಾಕ್ರೋ ಹಾಳೆಯನ್ನು ಬದಲಿಸುವುದರಿಂದ, ಹಿಂದಿನದನ್ನು ಅನ್‌ಡೂ ಮಾಡುವ ಅವಕಾಶವೂ ಇಲ್ಲವಾಗುತ್ತದೆ.

ಕಾರಣಗಳು ಮತ್ತು ಪರಿಹಾರಗಳು

1. ಫಾರ್ಮ್ ತೆರೆದಿರುವಾಗಲೇ ಹಾಳೆಯನ್ನೂ ಮುಟ್ಟಲು ಬಿಡುವ ವಿಧಾನಕ್ಕೆ ಮೋಡ್‌ಲೆಸ್ ಎನ್ನುತ್ತಾರೆ. ಮೇಲಿನ ತಪ್ಪು ಸಂಭವಿಸುವುದು ಈ ವಿಧಾನದಲ್ಲಿಯೇ. ಹಣದ ನಮೂದಿಗೆ ಫಾರ್ಮನ್ನು ಮೋಡಲ್ ವಿಧಾನದಲ್ಲಿ ತೆರೆಯುವುದು ಕ್ಷೇಮ. ಆಗ ಫಾರ್ಮ್ ಮುಚ್ಚುವವರೆಗೆ ಹಾಳೆ ಸ್ಪರ್ಶಕ್ಕೆ ಸಿಗುವುದಿಲ್ಲ.

2. ಟ್ಯಾಬ್ ಕೀಲಿಯು ಅಂಕಣಗಳನ್ನು ಅವು ಕಾಣುವ ಕ್ರಮದಲ್ಲಿ ದಾಟದೆ, ರಚಿಸಿದ ಕ್ರಮದಲ್ಲಿ ದಾಟುತ್ತದೆ. ತರುವಾಯ ಸೇರಿಸಿದ ಅಂಕಣ ಮೇಲ್ಗಡೆ ಇದ್ದರೂ ಸರದಿಯಲ್ಲಿ ಕೊನೆಯದಾಗಿರುತ್ತದೆ. ಮ್ಯಾಕ್ರೋ ಸಂಪಾದಕದ ವ್ಯೂ ಪಟ್ಟಿಯಲ್ಲಿರುವ ಟ್ಯಾಬ್ ಆರ್ಡರ್ ಮೂಲಕ ಇದನ್ನು ಸರಿಪಡಿಸಬೇಕು. ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಚೌಕಟ್ಟಿನೊಳಗಿರುವ ಅಂಕಣಗಳಿಗೆ ಪ್ರತ್ಯೇಕ ಸರದಿ ಇರುತ್ತದೆ.

3. ಉಳಿಸುವ ಗುಂಡಿಗೆ ಡೀಫಾಲ್ಟ್ ಗುಣ ನೀಡಿದ್ದರೆ, ಅಂಕಣದಿಂದ ಅಂಕಣಕ್ಕೆ ಹೋಗಲು ಎಂಟರ್ ಒತ್ತಿದಾಗ ಅರ್ಧ ತುಂಬಿದ ನಮೂದೇ ಉಳಿದುಬಿಡಬಹುದು. ಆ ಗುಣವನ್ನು ತೆಗೆದರೆ ಎಂಟರ್ ಮುಂದಿನ ಅಂಕಣಕ್ಕೆ ಒಯ್ಯುತ್ತದೆ.

4. ತಪ್ಪು ಮೊತ್ತ ಕಂಡಾಗ ಅದೇ ಅಂಕಣಕ್ಕೆ ಹಿಂದಿರುಗಿಸಲು ಆಫ್ಟರ್‌ಅಪ್‌ಡೇಟ್ ಘಟ್ಟದಲ್ಲಿ ಸೆಟ್‌ಫೋಕಸ್ ಆದೇಶ ಬರೆದರೆ ಫಲಿಸದು. ಫೋಕಸ್ ಅದಾಗಲೇ ಮುಂದೆ ಸಾಗುತ್ತಿರುತ್ತದೆ. ಎಕ್ಸಿಟ್ ಘಟ್ಟದಲ್ಲಿ ಕ್ಯಾನ್ಸಲ್ ಮೌಲ್ಯವನ್ನು ಟ್ರೂ ಮಾಡಿದರೆ ಫೋಕಸ್ ಅಲ್ಲಿಯೇ ನಿಲ್ಲುತ್ತದೆ. ಆದರೆ ಆಗ ರದ್ದುಗೊಳಿಸುವ ಗುಂಡಿಯನ್ನೂ ಒತ್ತಲಾಗದಂತೆ ಆಗಬಹುದು. ಆದ್ದರಿಂದ ಆ ಗುಂಡಿಯ ಟೇಕ್‌ಫೋಕಸ್‌ಆನ್‌ಕ್ಲಿಕ್ ಗುಣವನ್ನು ಫಾಲ್ಸ್ ಮಾಡಬೇಕು.

5. ಕೊನೆಯ ರಕ್ಷಣೆಯಾಗಿ ಹಾಳೆಯನ್ನು ಪ್ರೊಟೆಕ್ಟ್ ಮಾಡಿಡಬೇಕು. ದಾರಿ ತಪ್ಪಿದ ಸಂಖ್ಯೆಯನ್ನು ಬೀಗ ಹಾಕಿದ ಸೆಲ್ ಸ್ವೀಕರಿಸುವುದಿಲ್ಲ. ಮ್ಯಾಕ್ರೋಗೆ ಮಾತ್ರ ಬರೆಯಲು ಬಿಡುವ ಯೂಸರ್‌ಇಂಟರ್‌ಫೇಸ್‌ಓನ್ಲಿ ಆಯ್ಕೆ ಕಡತ ಮುಚ್ಚಿದಾಗ ಉಳಿಯದು. ಕಡತ ತೆರೆಯುವಾಗಲೆಲ್ಲ ಅದು ಮತ್ತೆ ಜಾರಿಯಾಗುವಂತೆ ಬರೆದಿರಬೇಕು.

ಸದಸ್ಯರು ಗಮನಿಸಬೇಕಾದುದು

ಮೇಲಿನ ತಿದ್ದುಪಡಿಗಳು ಫಾರ್ಮ್ ರಚಿಸಿದವರ ಕೆಲಸ. ಆದರೆ ಅವು ಆಗಿವೆಯೇ ಎಂದು ತಿಳಿಯಲು ಗಣಕಯಂತ್ರದ ಪರಿಣತಿ ಬೇಕಿಲ್ಲ. ಕಡತದ ಪ್ರತಿಯೊಂದರಲ್ಲಿ, ಮೌಸ್ ಮುಟ್ಟದೆ, ಬರಿಯ ಕೀಲಿಮಣೆಯಿಂದ ಮೂರು ರಸೀದಿಗಳನ್ನು ನಮೂದಿಸಿ ತೋರಿಸುವಂತೆ ಕೇಳಬಹುದು. ಸರದಿ ತಪ್ಪಿದರೆ ಅಥವಾ ಸಂಖ್ಯೆ ಹಾಳೆಗೆ ಜಾರಿದರೆ ದೋಷ ಅಲ್ಲಿಯೇ ಗೋಚರಿಸುತ್ತದೆ.

ಬೇಡಿಕೆ ನೋಟಿಸು ಹೊರಡುವ ಮುನ್ನ ಎರಡು ತಾಳೆ ಅವಶ್ಯ: ರಸೀದಿ ಪುಸ್ತಕದ ಮೊತ್ತಕ್ಕೂ ಹಾಳೆಯ ವಸೂಲಿ ಮೊತ್ತಕ್ಕೂ, ವರ್ಷಾರಂಭದ ಬೇಡಿಕೆ ಮೊತ್ತಕ್ಕೂ ಈಗಿನ ಬೇಡಿಕೆ ಮೊತ್ತಕ್ಕೂ. ಮೊದಲನೆಯದು ಬಿಟ್ಟುಹೋದ ರಸೀದಿಯನ್ನೂ, ಎರಡನೆಯದು ಅಳಿಸಿಹೋದ ಬೇಡಿಕೆಯನ್ನೂ ತೋರಿಸುತ್ತದೆ. ಕರ ಕಟ್ಟಿ ರಸೀದಿ ಪಡೆದವರ ಮನೆಗೆ ಬಾಕಿಯ ನೋಟಿಸು ಹೋದಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ಆ ವಾರ್ಡಿನ ಸದಸ್ಯರೇ. ಆದ ಕಾರಣ ಈ ತಾಳೆಯನ್ನು ಪ್ರತಿ ತಿಂಗಳ ಸಾಮಾನ್ಯ ಸಭೆಯ ಮುಂದಿರಿಸಿಕೊಳ್ಳುವುದು ಸೂಕ್ತ.