ಸುಗ್ಗಿಯ ರೊಕ್ಕ, ಹನ್ನೆರಡು ತಿಂಗಳ ಸಂಸಾರ

ಮನೆ ಖರ್ಚು ಹಿಡಿತಕ್ಕೆ ತರುವುದು ಹೇಗೆ ಎಂದು ಯಾರನ್ನು ಕೇಳಿದರೂ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಒಂದನೇ ತಾರೀಕು ಸಂಬಳ ಬಂದ ಕೂಡಲೇ ಬಾಡಿಗೆಗೆ ಇಷ್ಟು, ದಿನಸಿಗೆ ಇಷ್ಟು, ಉಳಿತಾಯಕ್ಕೆ ಇಷ್ಟು ಎಂದು ಪಾಲು ಮಾಡಿ. ಹೋಟೆಲು, ಸಿನಿಮಾ ಕಡಿಮೆ ಮಾಡಿ. ತಿಂಗಳ ಸಂಬಳದ ಮನೆಗೆ ಇದು ಸರಿಯಾದ ಮಾತೇ. ಆದರೆ ಯಾದಗಿರಿ ಜಿಲ್ಲೆಯ ನಾರಾಯಣಪುರ, ಕೊಡೇಕಲ್, ಹುಣಸಗಿ ಸೀಮೆಯ ರೈತನ ಮನೆಯಲ್ಲಿ ಒಂದನೇ ತಾರೀಕಿಗೆ ಅಂಥ ಮಹತ್ವವೇನೂ ಇಲ್ಲ. ನಾರಾಯಣಪುರದಲ್ಲಿ 1982ರಲ್ಲಿ ಪೂರ್ಣಗೊಂಡ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ತಂದಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಮನೆಗೆ ರೊಕ್ಕ ಬರುವುದು ಮಾತ್ರ ಈಗಲೂ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಒಲೆ ದಿನಾ ಹೊತ್ತಬೇಕು. ಇಲ್ಲಿ ಮನೆಯ ಲೆಕ್ಕ ಹದಗೆಡುವುದು ದುಂದುವೆಚ್ಚಕ್ಕಿಂತ ಹೆಚ್ಚಾಗಿ ಈ ಅಂತರದಿಂದ. ರೂಢಿಸಿಕೊಳ್ಳಬೇಕಾದ ಅಭ್ಯಾಸಗಳೂ ಈ ಅಂತರಕ್ಕೆ ಮದ್ದಾಗುವಂಥವೇ ಆಗಿರಬೇಕು.

ವರ್ಷವನ್ನು ಒಮ್ಮೆ ಎದುರಿಗೆ ಹರಡಿಕೊಂಡು ನೋಡಿ. ಜೂನ್ ಬಂತೆಂದರೆ ಮಕ್ಕಳ ಶಾಲೆ; ಅದೇ ಹೊತ್ತಿಗೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ. ಶ್ರಾವಣದಿಂದ ದೀಪಾವಳಿಯವರೆಗೆ ಸಾಲುಹಬ್ಬ, ಜತೆಗೆ ಕಳೆ ತೆಗೆಸುವ ಕೂಲಿ, ಎಣ್ಣೆ ಹೊಡೆಸುವ ಖರ್ಚು. ಮುಂಗಾರಿನ ಭತ್ತ ರಾಶಿಯಾಗುವುದು ನವೆಂಬರ್-ಡಿಸೆಂಬರ್‌ನಲ್ಲಿ. ಹತ್ತಿ ಬಿಡಿಸುವುದು, ತೊಗರಿ ಕೊಯ್ಯುವುದು ಜನವರಿಯವರೆಗೂ ನಡೆಯುತ್ತದೆ. ಎರಡನೇ ಬೆಳೆಗೆ ಕಾಲುವೆ ನೀರು ಸಿಕ್ಕ ವರ್ಷ ಏಪ್ರಿಲ್ ಸುಮಾರಿಗೆ ಇನ್ನೊಂದು ಫಸಲು. ಅಂದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳು ರೊಕ್ಕ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಸುಗ್ಗಿಯ ರೊಕ್ಕ ಕೈಸೇರಿದ ಬೆನ್ನಿಗೇ ಸಂಕ್ರಾಂತಿಯ ಮೈಲಾಪುರ ಜಾತ್ರೆ, ಮಾಘದಲ್ಲಿ ತಿಂಥಣಿ ಮೌನೇಶ್ವರನ ಜಾತ್ರೆ, ಆಮೇಲೆ ಬೇಸಿಗೆಯ ಲಗ್ನಗಳು. ಮತ್ತೆ ಜೂನ್ ಬರುವಷ್ಟರಲ್ಲಿ ಕೈ ಬರಿದಾಗಿರುತ್ತದೆ.

ಆ ಐದು ತಿಂಗಳನ್ನು ದಾಟಿಸುವುದು ಉದ್ರಿ: ಕಿರಾಣಿ ಅಂಗಡಿಯದು, ಗೊಬ್ಬರದಂಗಡಿಯದು, ಜತೆಗೆ ದಲಾಲರ ಮುಂಗಡ, ಕೈಸಾಲ. ‘ನೂರಕ್ಕೆ ಮೂರು ರೂಪಾಯಿ’ ಎಂದರೆ ಕಿವಿಗೆ ಹಗುರ. ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇ 36 ಆಯಿತು. ಜೂನ್‌ನಲ್ಲಿ 50,000 ರೂಪಾಯಿ ತಂದು ಡಿಸೆಂಬರ್‌ನಲ್ಲಿ ತೀರಿಸಿದರೆ ಬಡ್ಡಿಯೇ 9,000. ಅಷ್ಟೇ ಸಾಲ ವರ್ಷಕ್ಕೆ ಶೇ 12ರ ದರದಲ್ಲಿ ಸಿಕ್ಕಿದ್ದರೆ 3,000 ಸಾಕಾಗುತ್ತಿತ್ತು. ಉಳಿದ 6,000ದಲ್ಲಿ ಇಬ್ಬರು ಮಕ್ಕಳ ಬಟ್ಟೆ, ಪುಸ್ತಕದ ಖರ್ಚು ಕಳೆಯಬಹುದು. ಕಣ್ಣಿಗೆ ಕಾಣದ ಬಡ್ಡಿ ಇನ್ನೊಂದಿದೆ. ಉದ್ರಿ ಕೊಟ್ಟವರಿಗೇ ಮಾಲು ಹಾಕಬೇಕು, ಅದೂ ಎಲ್ಲರ ಮಾಲು ಒಟ್ಟಿಗೇ ಬಂದು ದರ ಬಿದ್ದ ವಾರದಲ್ಲಿ. ಕ್ವಿಂಟಲ್‌ಗೆ ಹೀಗೆ ಕೈಬಿಟ್ಟುಹೋಗುವ ಇನ್ನೂರು-ಮುನ್ನೂರು ರೂಪಾಯಿಯನ್ನು ಸಾಲದ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ.

ಇದು ನಾರಾಯಣಪುರವೊಂದರ ಕಥೆಯಲ್ಲ. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕದ 250ಕ್ಕೂ ಹೆಚ್ಚು ಬಡ ಮನೆಗಳ ಹಣದ ಓಡಾಟವನ್ನು ಸುಮಾರು ಒಂದು ವರ್ಷ ಬೆನ್ನುಹತ್ತಿ ಬರೆದಿಟ್ಟ ಸಂಶೋಧಕರು 2009ರಲ್ಲಿ ‘ಪೋರ್ಟ್‌ಫೋಲಿಯೋಸ್ ಆಫ್ ದಿ ಪೂರ್’ ಎಂಬ ಪುಸ್ತಕ ತಂದರು. ಬಡವರು ಬಂದದ್ದನ್ನು ಬಂದಹಾಗೇ ತಿಂದು ಮುಗಿಸುತ್ತಾರೆ ಎಂಬ ನಂಬಿಕೆಯನ್ನು ಅದು ಅಲುಗಾಡಿಸಿತು. ಅಂಥ ಮನೆಗಳೂ ಸದಾ ಉಳಿಸುತ್ತಿರುತ್ತವೆ, ಸಾಲ ತರುತ್ತಿರುತ್ತವೆ, ಕೊಡುತ್ತಲೂ ಇರುತ್ತವೆ. ಆದಾಯ ಕಡಿಮೆ ಎನ್ನುವುದು ಒಂದು ಕಷ್ಟ. ಅದು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಗೊತ್ತಿಲ್ಲದಿರುವುದು ಅದರ ಮೇಲಿನ ಇನ್ನೊಂದು ಕಷ್ಟ. ಮೊದಲನೆಯದು ಮನೆಯವರ ಕೈಯಲ್ಲಿಲ್ಲ. ಎರಡನೆಯದರ ಒಂದಷ್ಟು ಭಾಗವಾದರೂ ಅವರ ಕೈಯಲ್ಲಿದೆ.

ಅದಕ್ಕೆ ಮಾದರಿ ಊರ ಪಕ್ಕದಲ್ಲೇ ಇದೆ. ಸುಮಾರು 33 ಟಿಎಂಸಿ ಅಡಿ ಹಿಡಿಯುವ ಬಸವಸಾಗರದಿಂದ ಮನಬಂದಂತೆ ನೀರು ಬಿಡುವುದಿಲ್ಲ. ನೀರಾವರಿ ಸಲಹಾ ಸಮಿತಿ ಕೂತು ಇರುವ ನೀರನ್ನು ಲೆಕ್ಕಹಾಕುತ್ತದೆ, ಕುಡಿಯುವುದಕ್ಕೆಂದು ಮೊದಲೇ ತೆಗೆದಿಡುತ್ತದೆ, ಮಿಕ್ಕದ್ದಕ್ಕೆ ವಾರಾಬಂದಿ, ಅಂದರೆ ನೀರು ಬಿಡುವ ಸರದಿ, ಗೊತ್ತುಮಾಡುತ್ತದೆ. ಮೊದಲ ಅಭ್ಯಾಸ ಇದೇ: ಮಾಲು ಮಾರಿದ ದಿನ ಮನೆಯಲ್ಲೂ ಇಂಥದೊಂದು ಸಭೆ ಕೂರಬೇಕು. ಕೈಗೆ 1,50,000 ರೂಪಾಯಿ ಬಂತು ಎಂದುಕೊಳ್ಳಿ. ಬಡ್ಡಿ ಹೆಚ್ಚಿರುವ ಸಾಲಕ್ಕೆ ಮೊದಲು 40,000. ಮುಂದಿನ ಬಿತ್ತನೆಗೆ 30,000, ಶಾಲೆ ಮತ್ತು ಆಸ್ಪತ್ರೆಗೆ 20,000. ಉಳಿದ 60,000ವನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000. ಒಂದೇ ಬೆಳೆಯ ಮನೆಯಾದರೆ ಹನ್ನೆರಡು ತಿಂಗಳಿಗೆ ಹಂಚಬೇಕು, ಆಗ 5,000. ಬಿತ್ತನೆಯ ರೊಕ್ಕವನ್ನು ಪೆಟ್ಟಿಗೆಯಲ್ಲಿಟ್ಟರೆ ಉಳಿಯದು. ಕೇಳಿದವರಿಗೆ ಇಲ್ಲವೆನ್ನುವುದು ಕಷ್ಟ. ಜೂನ್ ಮೊದಲ ವಾರಕ್ಕೆ ಕೈಗೆ ಬರುವಂತೆ ಬ್ಯಾಂಕಿನಲ್ಲಿ ಮುದ್ದತಿ ಠೇವಣಿ ಇಟ್ಟರೆ ಆ ಮುಜುಗರವೂ ತಪ್ಪುತ್ತದೆ, ಗೊಬ್ಬರದಂಗಡಿಯ ಉದ್ರಿಯೂ ತಪ್ಪುತ್ತದೆ.

ಎರಡನೆಯ ಅಭ್ಯಾಸ ಬರೆದಿಡುವುದು. ಉದ್ರಿಯ ಲೆಕ್ಕ ಅಂಗಡಿಯವರ ಪುಸ್ತಕದಲ್ಲಿರುತ್ತದೆ, ತಂದವರ ಮನೆಯಲ್ಲಿ ಅದರ ನಕಲು ಇರುವುದಿಲ್ಲ. ಹಳೇ ನೋಟ್‌ಬುಕ್ಕಿನಲ್ಲಾದರೂ ಸರಿ, ತಾರೀಕು, ಸಾಮಾನು, ಮೊತ್ತ ಎಂದು ಮೂರು ಕಲಂ ಸಾಕು: ಒಳ್ಳೆಣ್ಣೆ, ಸಕ್ಕರೆ, ಚಾಪುಡಿ, ಮೊಬೈಲ್ ರೀಚಾರ್ಜ್, ಗುಟ್ಕಾ. ಜಪಾನಿನಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲೇ ಗೃಹಿಣಿಯರಿಗಾಗಿ ಮನೆಲೆಕ್ಕದ ಪುಸ್ತಕ ಹೊರತಂದಿದ್ದರು. ಆ ರೂಢಿ ಅಲ್ಲಿ ಇನ್ನೂ ಬಳಕೆಯಲ್ಲಿದೆ. ಬರೆದಾಗ ಊಹೆ ಎಷ್ಟು ತಪ್ಪಿತ್ತೆಂದು ತಿಳಿಯುತ್ತದೆ. ಕೇಂದ್ರ ಸರ್ಕಾರದ 2022-23ರ ಮನೆ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರು ರೂಪಾಯಿ ಖರ್ಚಿನಲ್ಲಿ ಅಕ್ಕಿ, ಗೋಧಿ, ಜೋಳದಂಥ ಧಾನ್ಯಕ್ಕೆ ಹೋಗುವುದು ಸುಮಾರು ಐದು ರೂಪಾಯಿ. ಚಹಾ, ತಂಪುಪಾನೀಯ, ಸಿದ್ಧ ತಿಂಡಿಗೆ ಒಂಬತ್ತು ರೂಪಾಯಿಗೂ ಹೆಚ್ಚು. ಜಿಲ್ಲೆಯಲ್ಲಿ ಅರ್ಧ ಜನಕ್ಕೆ ಓದುಬರಹವೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರಷ್ಟು, ರಾಜ್ಯದಲ್ಲೇ ಕಡಿಮೆ. ಆದರೆ ಶಾಲೆಗೆ ಹೋಗುವ ಮಗುವಿರುವ ಮನೆಯಲ್ಲಿ ರಾತ್ರಿ ಊಟದ ನಂತರ ಐದು ನಿಮಿಷ ಸಾಕು. ಆ ಮಗುವಿಗೆ ಕೂಡುವ, ಕಳೆಯುವ ಲೆಕ್ಕದ ಪಾಠವೂ ಆಯಿತು.

ಬರುವುದೇ ಕಡಿಮೆ ಇರುವಾಗ ಲೆಕ್ಕ ಏನು ಬರೆಯುವುದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಭೂಮಿಯಿಲ್ಲದೆ ಕೂಲಿಗೋ, ಗುಳೆಗೋ ಹೋಗುವ ಮನೆಗೆ ಪುಸ್ತಕ ಹಿಡಿಯುವುದರಿಂದ ಕೂಲಿ ಹೆಚ್ಚುವುದಿಲ್ಲ. ಕಾಲುವೆಯ ಕೊನೆಯಲ್ಲಿರುವ, ನೀರು ಮುಟ್ಟದ ಹೊಲದ ರೈತನಿಗೂ ಅಷ್ಟೇ. ಆದರೆ ಆದಾಯ ಕಡಿಮೆಯಿದ್ದಷ್ಟೂ ಬಡ್ಡಿಯ ಪೆಟ್ಟು ಜೋರು. ಹತ್ತು ಸಾವಿರದ ಬಡ್ಡಿ ಶ್ರೀಮಂತನಿಗೆ ಒಂದು ಕಿರಿಕಿರಿ. ಬಡವನಿಗೆ ಎರಡು ತಿಂಗಳ ದಿನಸಿ. ಈಗ ಇಂಥ ಮನೆಗೂ ತಿಂಗಳಿಗೊಮ್ಮೆ ಬರುವ ಒಂದು ಮೊತ್ತವಿದೆ. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ. ಕಂತು ತಡವಾಗುವುದುಂಟು, ಹಾಗಾಗಿ ಅದನ್ನು ನಂಬಿ ಸಾಲ ಮಾಡಬಾರದು. ಬಂದಾಗ ಅದರಲ್ಲಿ 200 ರೂಪಾಯಿ ಅಂಚೆ ಕಚೇರಿಯ ಆರ್‌ಡಿಗೆ ಕಟ್ಟಿದರೂ ಐದು ವರ್ಷಕ್ಕೆ ಅಸಲೇ 12,000 ಆಗುತ್ತದೆ.

ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಆಪತ್ತುಗಳ ಮಾತೇನು? 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ನದಿದಂಡೆಯ ಹೊಲಗಳು ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಇವನ್ನು ಯಾವ ಪುಸ್ತಕವೂ ತಡೆಯದು. ಇಂಥ ಹೊರೆಯ ಒಂದು ಪಾಲನ್ನು ಬೇರೆಡೆ ಹೊರಿಸುವ ದಾರಿಗಳು ಮಾತ್ರ ಅಗ್ಗವಾಗಿ ಸಿಗುತ್ತವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನಜ್ಯೋತಿಗೆ 436 ರೂಪಾಯಿ. ಎರಡರಲ್ಲೂ 2 ಲಕ್ಷದ ವಿಮೆ. ಫಸಲ್ ಬಿಮಾದಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ಇವುಗಳ ಕೊನೆಯ ದಿನಾಂಕ, ಕಾರ್ಡು, ಖಾತೆಯ ಬಾಕಿ ಸರಿಯಿವೆಯೇ ಎಂದು ವರ್ಷಕ್ಕೊಮ್ಮೆ ನೋಡುವುದೂ ಮನೆಲೆಕ್ಕದ ಭಾಗವೇ.

ಮದುವೆ, ಜಾತ್ರೆಯ ವಿಷಯದಲ್ಲಿ ಉಪದೇಶ ನಾಟುವುದಿಲ್ಲ. ಮುಯ್ಯಿ, ಬೀಗರು, ನಾಲ್ಕು ಜನರ ಮಾತು ಹಳ್ಳಿಯ ಬದುಕಿನಲ್ಲಿ ಬರೀ ಆಡಂಬರವಲ್ಲ. ಕಷ್ಟ ಬಂದಾಗ ಕೈಹಿಡಿಯುವವರೂ ಅವರೇ. ಆದರೆ ಲಗ್ನ ರಾತ್ರೋರಾತ್ರಿ ಬರುವ ಖರ್ಚಲ್ಲ. ಹೆಣ್ಣು, ಗಂಡು ಬೆಳೆಯುತ್ತಿರುವುದು ಮನೆಮಂದಿಗೆಲ್ಲ ಗೊತ್ತು. ಪ್ರತಿ ಸುಗ್ಗಿಯಲ್ಲೂ ಅದಕ್ಕೊಂದು ಪಾಲು ಎತ್ತಿಟ್ಟ ಮನೆ ಅಷ್ಟೇ ಅದ್ದೂರಿಯಾಗಿ ಮಾಡಿದರೂ ಹೊಲ ಒತ್ತೆಯಿಡಬೇಕಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ವಾರದ ಕಂತಿನ ಸಾಲದಲ್ಲಿ. ವರ್ಷಕ್ಕೆರಡು ಸಲ ಆದಾಯವಿರುವ ಮನೆ ವಾರವಾರ ಕಂತು ಕಟ್ಟುವುದಕ್ಕೆ ಒಪ್ಪಿಕೊಂಡರೆ, ಆಗಸ್ಟ್‌ನಲ್ಲಿ ಒಂದು ಸಂಘದ ಕಂತಿಗೆ ಇನ್ನೊಂದು ಫೈನಾನ್ಸ್‌ನ ಬಾಗಿಲು ತಟ್ಟಲೇಬೇಕಾಗುತ್ತದೆ. ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕ್ 2022ರಿಂದ ಕಿರುಸಾಲಕ್ಕೆ ಮಿತಿ ಹಾಕಿದೆ. ವಸೂಲಿಯ ದೌರ್ಜನ್ಯದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಆ ಕಾನೂನು ಕಾಯುವುದು ಸಾಲ ಮಾಡಿದ ಮೇಲೆ. ಸಹಿ ಹಾಕುವ ಮೊದಲು ಕಾಯುವುದು ಮನೆಯ ಪುಸ್ತಕ: ಈಗಾಗಲೇ ಎಷ್ಟು ಕಂತಿದೆ, ಯಾವ ತಿಂಗಳು ಕೈ ಖಾಲಿ ಎಂಬುದು ಅದರಲ್ಲಿರುತ್ತದೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸುವ ಹೆಣ್ಣುಮಗಳಿಗೆ ಈ ಪುಸ್ತಕ ಹೊಸದೇನಲ್ಲ. ಸುಗ್ಗಿಯ ರೊಕ್ಕ ಹಂಚುವ ದಿನ ಅವಳ ಮಾತಿಗೂ ಗಂಡನ ಮಾತಿನಷ್ಟೇ ಬೆಲೆ ಸಿಗಬೇಕು. ಹತ್ತಿಯ ದರ, ಕಾಲುವೆಯ ನೀರು ಮನೆಯವರ ಹಿಡಿತಕ್ಕೆ ಬಾರದಿರಬಹುದು. ದರ ಏರುವವರೆಗೆ ಹದಿನೈದು ದಿನ ತಡೆದು ಮಾರುವಷ್ಟು ತಾಕತ್ತು ಬಂದರೂ ಸಾಕು, ಲೆಕ್ಕ ಬರೆದ ಶ್ರಮ ಸಾರ್ಥಕವಾದ ಹಾಗೆ.