ಟಿವಿಯ ಚಂದ್ರ, ತಾರಸಿಯ ಚಂದ್ರ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ದೇಶವೆಲ್ಲ ಟಿವಿ ಮುಂದಿತ್ತು. ತೆರೆಯ ಮೇಲಿದ್ದುದು ಇಸ್ರೊ ನಿಯಂತ್ರಣ ಕೊಠಡಿ, ಕಂಪ್ಯೂಟರ್ ಬಿಡಿಸಿದ ಲ್ಯಾಂಡರ್. ಅದೇ ಹೊತ್ತಿಗೆ ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿ, ಸಾಕಷ್ಟು ಎತ್ತರದಲ್ಲಿ, ಶುಕ್ಲ ಸಪ್ತಮಿಯ ಚಂದ್ರನೂ ಇದ್ದ. ಅಂದೇ ಏಕೆ ಇಳಿಸಿದರು ಎಂಬುದಕ್ಕೆ ಉತ್ತರ ಆ ಅರೆಬೆಳಗಿದ ಮುಖದಲ್ಲೇ ಇತ್ತು. ಲ್ಯಾಂಡರ್ ನಡೆಯುವುದು ಬಿಸಿಲಿನ ಬಲದಿಂದ. ಇಳಿಯುವ ಜಾಗದಲ್ಲಿ ಆಗಷ್ಟೇ ಬೆಳಗಾಗಿದ್ದರೆ ಮುಂದಿನ ಸುಮಾರು 14 ದಿನ ಅಲ್ಲಿ ಹಗಲೇ. ಟಿವಿಯಲ್ಲಿ ಖಗೋಳ ತೋರಿಸುವವರು ನೋಡುಗರನ್ನು ತಾರಸಿಗೂ ಹತ್ತಿಸದಿದ್ದರೆ ಅರ್ಧ ಕೆಲಸ ಮಾಡಿದಂತೆ ಎನ್ನುವುದು ಇದಕ್ಕೇ.

ತೆರೆಯ ಮೇಲಿನ ಚಿತ್ರದಷ್ಟು ಚೆಂದ ಬರಿಗಣ್ಣಿಗೆ ಎಲ್ಲಿ ಕಾಣುತ್ತದೆ ಎಂದು ಕೇಳಬಹುದು. ನಿಜ, ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಹಾಕುತ್ತದೆ. ಕಣ್ಣಿಗೆ ಅದು ಸಾಧ್ಯವಿಲ್ಲ, ಮಂದ ಬೆಳಕಿನಲ್ಲಿ ಬಣ್ಣವೂ ತಿಳಿಯದು. ಆದರೆ ಖಗೋಳ ವಿಜ್ಞಾನ ಬೆಳೆದದ್ದು ಚೆಂದದ ಚಿತ್ರಗಳಿಂದಲ್ಲ, ದಿನದಿನದ ಬದಲಾವಣೆಯನ್ನು ಗುರುತು ಹಾಕಿಕೊಂಡದ್ದರಿಂದ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುಗ್ರಹದ ಪಕ್ಕದ ಚುಕ್ಕಿಗಳು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುವುದನ್ನು ಬರೆದಿಟ್ಟ. ಅವು ಗುರುವನ್ನು ಸುತ್ತುತ್ತಿವೆ ಎಂದು ಗೊತ್ತಾದದ್ದು ಆ ಟಿಪ್ಪಣಿಯಿಂದ. ಇಂಥ ಗುರುತು ಹಾಕಲು ನಮಗೆ ಕೈಯೇ ಸಾಕು: ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಕ್ಷತ್ರಗಳ ನಡುವೆ ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಎರಡು ರಾತ್ರಿ ಒಂದೇ ಹೊತ್ತಿಗೆ ಮುಷ್ಟಿ ಹಿಡಿದು ಅಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬೆಂಗಳೂರಿನ ಆರ್‌ಪಿಸಿ ಲೇಔಟ್‌ನಂಥ ಕಡೆ, ಬೀದಿದೀಪ, ಅಂಗಡಿ ಬೋರ್ಡುಗಳ ಬೆಳಕಿನಲ್ಲಿ ಏನು ಕಂಡೀತು ಎಂಬ ಆಕ್ಷೇಪದಲ್ಲೂ ಹುರುಳಿದೆ. ಆಕಾಶಗಂಗೆ ಇಲ್ಲಿ ಕಾಣುವುದಿಲ್ಲ. ಚಂದ್ರ, ಶುಕ್ರ, ಗುರು, ಪ್ರಖರ ನಕ್ಷತ್ರಗಳು ಮಾತ್ರ ಎಲ್ಲಿಗೂ ಹೋಗಿಲ್ಲ. ಫೆಬ್ರುವರಿ ನಡುವೆ ರಾತ್ರಿ 9ರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿದರೆ ಮೇಲೆ ಲುಬ್ಧಕ, ಅದರ ಕೆಳಗೆ, ದಿಗಂತದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ, ಅಗಸ್ತ್ಯ. ಲಂಡನ್ನಿನಲ್ಲಿ ಅಗಸ್ತ್ಯ ಹುಟ್ಟುವುದೇ ಇಲ್ಲ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೊರದೇಶದ ಕಾರ್ಯಕ್ರಮ ನಮ್ಮ ಆಕಾಶವನ್ನು ತೋರಿಸಲಾರದು. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ಏಪ್ರಿಲ್‌ನಲ್ಲಿ 12 ಗಂಟೆ 17 ನಿಮಿಷದ ಹೊತ್ತಿಗೆ ತಾರಸಿಯಲ್ಲಿ ನೆಟ್ಟಗೆ ನಿಲ್ಲಿಸಿದ ಪೈಪಿನ ತುಂಡಿಗೆ ನೆರಳೇ ಇರದು. ದೆಹಲಿಯಲ್ಲಿ ಇದು ಎಂದೂ ಆಗುವುದಿಲ್ಲ. ಬೀದಿದೀಪ ಇದನ್ನೇನು ಕೆಡಿಸೀತು?

ಜನ ನೋಡುವುದನ್ನೇ ತೋರಿಸುತ್ತೇವೆ ಎಂಬುದು ವಾಹಿನಿಗಳ ಸಮಜಾಯಿಷಿ. ಗ್ರಹಣ ಬಂತೆಂದರೆ ರಾಶಿಫಲದ ಚರ್ಚೆಗೆ ಕೊನೆಯಿಲ್ಲ. ಆದರೆ 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ಪೂರ್ಣಾವಸ್ಥೆ 82 ನಿಮಿಷವಿತ್ತು, ನೋಡಲು ವಿಶೇಷ ಕನ್ನಡಕವೂ ಬೇಕಿರಲಿಲ್ಲ. ವಿಜ್ಞಾನವನ್ನೂ ಜನ ನೋಡುತ್ತಾರೆ ಎಂಬುದನ್ನು ಚಂದ್ರಯಾನ ತೋರಿಸಿಕೊಟ್ಟಿದೆ. ಪ್ಯಾಟ್ರಿಕ್ ಮೂರ್ 1957ರಲ್ಲಿ ಬಿಬಿಸಿಯಲ್ಲಿ ಶುರು ಮಾಡಿದ ಖಗೋಳ ಕಾರ್ಯಕ್ರಮವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದರು. ನಮ್ಮಲ್ಲಿ ಪರಿಣತಿಗೂ ಕೊರತೆಯಿಲ್ಲ. 1989ರಿಂದ ಜವಾಹರಲಾಲ್ ನೆಹರು ತಾರಾಲಯ ಇದೇ ಊರಿನಲ್ಲಿದೆ. ಹವಾಮಾನ ವರದಿಯ ಬೆನ್ನಿಗೆ ಅರ್ಧ ನಿಮಿಷ, ಇವತ್ತು ಯಾವ ದಿಕ್ಕಿನಲ್ಲಿ ಎಷ್ಟು ಎತ್ತರಕ್ಕೆ ಏನು ಕಾಣುತ್ತದೆ ಎಂದು ಹೇಳಿದರೆ ಸಾಕು. ಹೇಳಿದ್ದು ನಿಜವೋ ಸುಳ್ಳೋ ಎಂದು ಅಂದೇ ರಾತ್ರಿ ಮನೆಮಂದಿಯೆಲ್ಲ ಪರೀಕ್ಷಿಸಬಹುದಾದ ಸುದ್ದಿ ಟಿವಿಯಲ್ಲಿ ಬೇರೆ ಯಾವುದಿದೆ?