ಲಾಲಾಗ್ರಂಥಿಯ ಕ್ಯಾನ್ಸರ್: ಫಲಿತಾಂಶದ ಮುನ್ನಂದಾಜು ಮತ್ತು ಗಡಿಜಿಲ್ಲೆಯ ರೋಗಿ

ಕಿವಿಯ ಮುಂಭಾಗದಲ್ಲಿ ಅಥವಾ ದವಡೆಯ ಕೆಳಗೆ ನೋವಿಲ್ಲದೆ ನಿಧಾನವಾಗಿ ಬೆಳೆಯುವ ಗಂಟನ್ನು ಮಂಗನಬಾವಿನ ಉಳಿಕೆಯೆಂದೋ ಹಲ್ಲಿನ ಬಾಧೆಯೆಂದೋ ತಿಳಿದು ತಿಂಗಳುಗಟ್ಟಲೆ ಕಳೆಯುವುದುಂಟು. ಕಿವಿಯ ಬಳಿಯ ಪ್ಯಾರೋಟಿಡ್ ಗ್ರಂಥಿಯ ಗೆಡ್ಡೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ನಿರಪಾಯಕಾರಿ. ಗ್ರಂಥಿ ಚಿಕ್ಕದಾದಷ್ಟೂ ಅದರ ಗೆಡ್ಡೆ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು ಎಂಬುದು ಈ ಅಂಗದ ಒಂದು ವೈಚಿತ್ರ್ಯ. ದವಡೆಯ ಕೆಳಗಿನ ಗ್ರಂಥಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ನಾಲಗೆಯ ಕೆಳಗಿನ ಗ್ರಂಥಿಯಲ್ಲಿ ಬಹುಪಾಲು ಗೆಡ್ಡೆಗಳು ಕ್ಯಾನ್ಸರ್ ಆಗಿರುತ್ತವೆ.

ರೋಗ ಅಪರೂಪವಾದುದು, ಅದರ ಬಗೆಗಳಾದರೋ ಇಪ್ಪತ್ತಕ್ಕೂ ಹೆಚ್ಚು. ಮುನ್ನಂದಾಜಿನ ತೊಡಕು ಮೊದಲಾಗುವುದು ಇಲ್ಲಿಯೇ. ಗೆಡ್ಡೆಯ ಗಾತ್ರ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿರುವಿಕೆ, ಮುಖದ ನರದ ದೌರ್ಬಲ್ಯ, ಸೂಕ್ಷ್ಮದರ್ಶಕದಲ್ಲಿ ಕಾಣುವ ಜೀವಕೋಶಗಳ ದರ್ಜೆ ಇವೆಲ್ಲವೂ ರೋಗಿಯ ಭವಿಷ್ಯವನ್ನು ಸೂಚಿಸುತ್ತವೆ. ಇವುಗಳನ್ನು ಒಂದೇ ಅಂಕಕ್ಕೆ ಇಳಿಸುವ ಪ್ರಯತ್ನಗಳಲ್ಲಿ ವಾಂಡರ್ ಪೋರ್ಟನ್ ಮತ್ತು ಸಂಗಡಿಗರು 1999ರಲ್ಲಿ ನೆದರ್ಲೆಂಡ್ಸಿನ ರೋಗಿಗಳನ್ನು ಆಧರಿಸಿ ಪ್ಯಾರೋಟಿಡ್ ಕ್ಯಾನ್ಸರಿಗಾಗಿ ರೂಪಿಸಿದ ಸೂಚ್ಯಂಕ ಪ್ರಸಿದ್ಧವಾದುದು. ವಯಸ್ಸು, ನೋವು, ಗೆಡ್ಡೆಯ ಹಂತ, ದುಗ್ಧಗ್ರಂಥಿಗಳ ಸ್ಥಿತಿ, ಚರ್ಮಕ್ಕೆ ಹರಡಿರುವಿಕೆ ಮತ್ತು ಮುಖದ ನರದ ಸ್ಥಿತಿ ಇವುಗಳಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ಅಂಕ ಬರುತ್ತದೆ. ನರದ ಗುಂಟ ರೋಗ ಸಾಗಿದೆಯೇ, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ ಎಂಬುದನ್ನು ಸೇರಿಸಿದರೆ ಅನಂತರದ ಅಂಕ ದೊರೆಯುತ್ತದೆ.

ಇಂತಹ ಅಂಕಗಳು ಮೌನವಾಗಿ ನೆಚ್ಚಿಕೊಂಡಿರುವ ಒಂದು ಸಂಗತಿಯಿದೆ: ರೋಗಿ ಮರಳಿ ಬರುತ್ತಾನೆ ಎಂಬುದು. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮವು ನರಗಳ ಗುಂಟ ಹಬ್ಬುವ, ಅನೇಕ ವರ್ಷಗಳ ಅನಂತರ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವ ಬಗೆ. ಐದು ವರ್ಷಗಳ ಲೆಕ್ಕದಲ್ಲಿ ಇದರ ಫಲಿತಾಂಶ ಆಶಾದಾಯಕವಾಗಿಯೇ ತೋರುತ್ತದೆ. ಹದಿನೈದು ವರ್ಷಗಳ ಲೆಕ್ಕದಲ್ಲಿ, ಅನೇಕ ವರದಿಗಳ ಪ್ರಕಾರ, ಬದುಕುಳಿದವರು ಅರ್ಧಕ್ಕಿಂತ ಕಡಿಮೆ. ಐದು ವರ್ಷಕ್ಕೇ ಕಡತ ಮುಚ್ಚುವ ಅಧ್ಯಯನವು ಈ ರೋಗದ ಬಗ್ಗೆ ಸುಳ್ಳು ಹೇಳದಿದ್ದರೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಈ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆತದ್ದು 2016ರಲ್ಲಿ. ಕ್ಯಾನ್ಸರ್ ಚಿಕಿತ್ಸೆಯ ರೂಢಿಯ ದಾರಿ ಮೈಸೂರಿಗೆ, ಅಲ್ಲಿಂದ ಮುಂದೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್; ಬೆಂಗಳೂರು ಇನ್ನೂರರಷ್ಟು. ಶಸ್ತ್ರಚಿಕಿತ್ಸೆಯ ಅನಂತರದ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುತ್ತದೆ. ಅರಿಶಿನದ ಕೊಯ್ಲಿನ ಹೊತ್ತಿಗೆ ಬಂದ ಈ ಆರು ವಾರ ಕೂಲಿಯವರಿಗೆ, ಸಣ್ಣ ರೈತರಿಗೆ ಏನಾಗುತ್ತದೆ ಎಂಬುದನ್ನು ಯಾವ ಸೂಚ್ಯಂಕವೂ ಎಣಿಸಿಲ್ಲ. ಅರ್ಧಕ್ಕೆ ನಿಂತ ಚಿಕಿತ್ಸೆಗೆ ಪೂರ್ಣ ಚಿಕಿತ್ಸೆಯ ಮುನ್ನಂದಾಜು ಹೊಂದುವುದಿಲ್ಲ.

ಎಣಿಕೆಯ ದೋಷ ಇನ್ನೂ ಸೂಕ್ಷ್ಮವಾದುದು. ಕಪ್ಲಾನ್ ಮತ್ತು ಮಯರ್ 1958ರಲ್ಲಿ ವಿವರಿಸಿದ, ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ವಿಧಾನವು, ಸಂಪರ್ಕ ತಪ್ಪಿದ ರೋಗಿಯ ಮುಂದಿನ ಗತಿಯೂ ಸಂಪರ್ಕದಲ್ಲಿ ಉಳಿದವರಂತೆಯೇ ಎಂದು ಭಾವಿಸುತ್ತದೆ. ಬಂಡೀಪುರದ ಅಂಚಿನ ಹಾಡಿಯಿಂದ ಬರುವುದನ್ನು ನಿಲ್ಲಿಸಿದವನು ಗುಣವಾಗಿ ನಿಲ್ಲಿಸಿದನೋ, ಹಾಸಿಗೆ ಹಿಡಿದು ನಿಲ್ಲಿಸಿದನೋ? ಎರಡನೆಯದೇ ಹೆಚ್ಚಾಗಿದ್ದಲ್ಲಿ ವರದಿಯ ಬದುಕುಳಿವಿನ ಪ್ರಮಾಣ ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ. 1982ರಲ್ಲಿ ಆರಂಭವಾದ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯಾದರೂ ಆ ನಗರದ ನಿವಾಸಿಗಳನ್ನು ಎಣಿಸುವಂಥದು. ಗುಂಡ್ಲುಪೇಟೆಯ ರೋಗಿ ಅಲ್ಲಿ ಚಿಕಿತ್ಸೆ ಪಡೆದರೂ ಆ ಲೆಕ್ಕದಲ್ಲಿ ಸೇರುವುದಿಲ್ಲ.

ಆದಕಾರಣ ಈ ಪ್ರದೇಶದ ರೋಗಿಗಳಿಗೆ ಅನ್ವಯಿಸುವ ಮುನ್ನಂದಾಜಿಗೆ ಹೊಸ ಗಣಿತಕ್ಕಿಂತ ಮೊದಲು ಬೇಕಾದುದು ಕೆಲವು ಸಾಧಾರಣ ದಾಖಲೆಗಳು. ರೋಗನಿದಾನ ವರದಿಯಲ್ಲಿ ಬಗೆ, ದರ್ಜೆ, ಅಂಚು ಮತ್ತು ನರದ ಸ್ಥಿತಿ ನಾಲ್ಕೂ ನಮೂದಾಗಬೇಕು. ವಿಕಿರಣ ಎಷ್ಟು ದಿನ ನಿಗದಿಯಾಗಿತ್ತು, ಎಷ್ಟು ದಿನ ದೊರೆಯಿತು ಎಂಬುದು ಬೇರೆ ಬೇರೆಯಾಗಿ ಬರೆದಿರಬೇಕು. ಬಾರದೆ ಉಳಿದವರನ್ನು ತಾಲ್ಲೂಕು ಆಸ್ಪತ್ರೆಯ ಮೂಲಕ, ಆಶಾ ಕಾರ್ಯಕರ್ತೆಯರ ಮೂಲಕ ವರ್ಷಕ್ಕೊಮ್ಮೆಯಾದರೂ ವಿಚಾರಿಸಿ, ಬದುಕಿದ್ದಾರೆಯೇ ಎಂಬ ಒಂದು ಸಾಲನ್ನು ದಿನಾಂಕಸಹಿತ ಕಡತಕ್ಕೆ ಸೇರಿಸಬೇಕು. ಅಡಿನಾಯ್ಡ್ ಸಿಸ್ಟಿಕ್ ಬಗೆಯ ರೋಗಿಗಳ ವಿಷಯದಲ್ಲಿ ಈ ವಿಚಾರಣೆ ಹದಿನೈದು ವರ್ಷಗಳಿಗೂ ಮೀರಿ ಮುಂದುವರಿಯಬೇಕಾಗುತ್ತದೆ.